ಸಾಲಿನ ಮಧ್ಯದ ಸವಾರ

ನನ್ನ ಗಂಡ ಎವರಿಸ್ತೊನನ್ನು ಅವನ ಸೈಕಲ್ ಸಂಘದವರು ಪ್ರೀತಿಯಿಂದಲೇ ಹಾಳುಮಾಡಿದರು. ಇದನ್ನು ಅವರ ಮುಖದ ಮೇಲೆಯೇ ಹೇಳಿದ್ದೇನೆ. ಮತ್ತೆ ಹೇಳಬೇಕಾಗಿ ಬಂದರೂ ನಾನು ಮುಲಾಜು ನೋಡುವವಳಲ್ಲ.

ಭಾನುವಾರ ಬೆಳಿಗ್ಗೆ ನಮ್ಮೂರು ಪಸ್ಸಿನ್ಯಾನೊದ ದೋಣಿಕಟ್ಟೆಯ ಪಕ್ಕದ ಕಾಫಿ ಅಂಗಡಿಯ ಮುಂದೆ ಅವರೆಲ್ಲ ಸೇರುತ್ತಿದ್ದರು. ಮೊಮ್ಮಕ್ಕಳನ್ನು ಕಂಡ ಗಂಡಸರು. ಹೊಟ್ಟೆಗೆ ಅಂಟಿಕೊಂಡ ಹಳದಿ ಜೆರ್ಸಿ, ಅದರ ಬೆನ್ನ ಮೇಲೆ ಮಾಂಸದಂಗಡಿಯೊಂದರ ಹೆಸರು. ತ್ರಾಸಿಮೆನೊ ಸರೋವರದ ದಡ ಹಿಡಿದು ಹೊರಟು, ನಡುವೆ ಬೆಟ್ಟದ ಮೇಲಿನ ಯಾವುದಾದರೊಂದು ಕೋಟೆ ಊರಿಗೆ ಏದುಸಿರು ಬಿಡುತ್ತ ಹತ್ತಿ, ಅಲ್ಲಿ ಇನ್ನೊಂದು ಕಾಫಿ ಕುಡಿದು, ಯಾರು ಮೊದಲು ಹತ್ತಿದರೆಂದು ಜಗಳವಾಡಿ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದರು. ಒಬ್ಬನ ಚಕ್ರದ ಹಿಂದೆ ಗೇಣು ದೂರದಲ್ಲಿ ಇನ್ನೊಬ್ಬನ ಚಕ್ರ. ಹಾಗೆ ಹೋಗುವಾಗ ಹಿಂದಿದ್ದವರಿಗೆ ಮುಂದಿನ ದಾರಿ ಕಾಣುವುದಿಲ್ಲ. ಅದಕ್ಕೇ ಎಲ್ಲರಿಗಿಂತ ಮುಂದಿರುವವನು ಕೂಗಬೇಕು, ಗುಂಡಿ ಅಂತ, ಕಾರು ಅಂತ, ಜಲ್ಲಿ ಅಂತ. ಅವನು ಕೂಗಿದ್ದನ್ನು ಒಬ್ಬೊಬ್ಬರೂ ಹಿಂದಕ್ಕೆ ದಾಟಿಸಬೇಕು. ಕೂಗದವನನ್ನು ಆ ಸಂಘದಲ್ಲಿ ಮನುಷ್ಯನೆಂದೇ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಎವರಿಸ್ತೊ ದುಡಿಯುವ ಕಾಲದಲ್ಲಿ ದ್ವೀಪಗಳಿಗೆ ಹೋಗುವ ದೋಣಿಯಲ್ಲಿ ಟಿಕೆಟ್ ಹರಿಯುತ್ತಿದ್ದ. ಎಷ್ಟು ದೂರದಲ್ಲಿದ್ದರೂ ನೀರಿನ ಮೇಲಿನ ಬಾತುಕೋಳಿಯ ಜಾತಿ ಹೇಳುತ್ತಿದ್ದ. ಅಂಥವನು ಈಚೆಗೆ ವೈನನ್ನು ಲೋಟದ ಪಕ್ಕಕ್ಕೆ ಸುರಿಯತೊಡಗಿದ. ಮುಳ್ಳು ಬಿಡಿಸಿಕೊಡು ಅಂತ ಮೀನಿನ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಿದ್ದ. ಕಾರು ಓಡಿಸುವುದನ್ನೂ ಬಿಟ್ಟ.

"ಪೆರೂಜಾಕ್ಕೆ ಹೋಗಿ ಕಣ್ಣಿನ ಡಾಕ್ಟ್ರಿಗೆ ತೋರಿಸೋಣ ಬಾ," ಅಂದೆ.

"ಓದೋಕೆ ಮಾತ್ರ ಕಣೇ ತೊಂದ್ರೆ. ನಡುಮಧ್ಯೆ ಯಾರೋ ಹೆಬ್ಬೆಟ್ಟು ಒತ್ತಿದ ಹಾಗಿರತ್ತೆ. ಸೈಕಲ್ ಹತ್ತಿದೆ ಅಂದ್ರೆ ಎಲ್ಲಾ ಸರಿಹೋಗತ್ತೆ. ರಸ್ತೇಲಿ ಒಂದು ಕಲ್ಲೂ ನನ್ನ ಕಣ್ಣು ತಪ್ಪಿಸಲ್ಲ."

"ಹಾಗಾದ್ರೆ ಇನ್ಮೇಲೆ ಸೈಕಲ್ ಮೇಲೇ ಕೂತು ಊಟ ಮಾಡು."

ಅವನು ನಕ್ಕ. ನನಗೆ ನಗು ಬರಲಿಲ್ಲ. ಸಂಘದ ಅಧ್ಯಕ್ಷ ಸೆತ್ತಿಮಿಯೊ ಇವನಿಗೆ ಬಾಲ್ಯದ ಗೆಳೆಯ, ಟೈರ್ ಅಂಗಡಿ ಇಟ್ಟಿದ್ದಾನೆ. ಅವನನ್ನು ಸಂತೆಯಲ್ಲಿ ಹಿಡಿದು ನಿಲ್ಲಿಸಿ ಕೇಳಿದೆ.

"ನಿಜ ಹೇಳು ಸೆತ್ತಿಮಿಯೊ. ರಸ್ತೇಲಿ ಅವನಿಗೆ ಕಣ್ಣು ಕಾಣತ್ತಾ?"

"ನನಗಿಂತ ಚೆನ್ನಾಗಿ ಕಾಣತ್ತೆ ನೆರೀನಾ. ಒಂದು ಗುಂಡಿಗೂ ಚಕ್ರ ಇಳಿಸಲ್ಲ ಮಾರಾಯ್ತಿ. ನೀನು ಸುಮ್ನೆ ತಲೆ ಕೆಡಿಸ್ಕೋಬೇಡ."

ಮುಖ ನೋಡಿಯೇ ಹೇಳಿದ. ನಾನು ಮನೆಗೆ ಬಂದು ನೆಮ್ಮದಿಯಾಗಿ ಅಡುಗೆ ಮಾಡಿದೆ.

ಮಾರ್ಚ್ ತಿಂಗಳಲ್ಲಿ ಉತ್ತರದ ಗಾಳಿ ಎದ್ದಿತು. ಸರೋವರದ ನೀರು ದಡದ ರಸ್ತೆಗೆ ಹಾರುತ್ತಿತ್ತು. ಭಾನುವಾರದ ಸವಾರಿ ಒಂದಲ್ಲ, ಎರಡು ಸಲ ತಪ್ಪಿತು. ಎವರಿಸ್ತೊ ಮನೆಯೊಳಗೆ ಶತಪಥ ಹಾಕಿದ. ಆಮೇಲೊಂದು ಗುರುವಾರ ಗಾಳಿ ನಿಂತು ಬಿಸಿಲು ಬಂತು. ದಡದಲ್ಲಿ ಒಂದು ಸಣ್ಣ ಸುತ್ತು ಹಾಕಿ ಬರ್ತೀನಿ ಅಂತ ಒಬ್ಬನೇ ಹೊರಟ. ದಡದಲ್ಲಿ ಸುತ್ತಿ ಸಾಕಾಗಲಿಲ್ಲವೇನೋ, ಮೊಂತಾರ್ಸೊ ಬೆಟ್ಟ ಹತ್ತಿದ. ಇಳಿಯುವಾಗ ಅಲ್ಲಿನ ಕೋಟೆ ಊರಿನ ಕೆಳಬಾಗಿಲಿನಲ್ಲಿ, ಬಿಸಿಲು ಮುಗಿದು ಕಮಾನಿನ ನೆರಳು ಶುರುವಾಗುವ ಜಾಗದಲ್ಲಿ, ದೆಲ್ಫಿನಾ ಅನ್ನುವ ಎಂಬತ್ತು ದಾಟಿದ ಹೆಂಗಸಿಗೆ ಗುದ್ದಿದ. ಅವಳು ಹೊಲದ ಬದುವಿನಲ್ಲಿ ಸೊಪ್ಪು ಕಿತ್ತುಕೊಂಡು ಮನೆಗೆ ಹೋಗುತ್ತಿದ್ದಳಂತೆ. ತಲೆ ಕಲ್ಲಿಗೆ ಬಡಿಯಿತು. ಆಂಬುಲೆನ್ಸ್ ಬೆಟ್ಟ ಹತ್ತುವಷ್ಟರಲ್ಲಿ ಪ್ರಾಣ ಹೋಗಿತ್ತು. ಇವನಿಗೆ ಹೆಗಲ ಮೂಳೆ ಮುರಿಯಿತು.

ಆಸ್ಪತ್ರೆಗೆ ನನಗಿಂತ ಮೊದಲು ಓಡಿದವನು ಸೆತ್ತಿಮಿಯೊ. ನಾನು ಹೋಗುವಷ್ಟರಲ್ಲಿ ಕಥೆ ತಯಾರಾಗಿತ್ತು. ಮುದುಕಿಯೇ ಓಡಿ ಬಂದು ಸೈಕಲ್ಲಿಗೆ ಅಡ್ಡ ಸಿಕ್ಕಳು ಅಂತ. ಪೊಲೀಸರಿಗೆ ಎವರಿಸ್ತೊ ಅದನ್ನೇ ಹೇಳಿದ. ಕಾಫಿ ಅಂಗಡಿಯಲ್ಲೂ ಅದೇ ಮಾತು. ಬೆಟ್ಟದ ಮೇಲಿನವರು ಆ ಕಡೆ ಈ ಕಡೆ ನೋಡದೆ ರಸ್ತೆಗೆ ನುಗ್ತಾರೆ, ಪಾಪ ಎವರಿಸ್ತೊ, ಅಂದರು. ಎಂಬತ್ತು ದಾಟಿದವಳು ಸೊಪ್ಪಿನ ಚೀಲ ಹಿಡಿದು ಓಡಿದಳು ಅಂದರೆ ನಂಬುವ ಜನ ಇದ್ದಾರಲ್ಲ, ನನಗೆ ಮೈಯೆಲ್ಲ ಉರಿಯಿತು. ಪೊಲೀಸರು ಇನ್ನೊಂದು ಸಲ ಹೇಳಿಕೆ ತೆಗೆದುಕೊಳ್ಳುವುದಿತ್ತು. ಅವಳು ಓಡಿ ಬಂದದ್ದು ಹೌದಾದರೆ ಇವನು ಉಳಿದುಕೊಳ್ಳುತ್ತಿದ್ದ. ಇವನಿಗೇ ಕಾಣದೆ ಹೋಗಿದ್ದರೆ, ಒಂದು ಜೀವ ತೆಗೆದ ಆರೋಪ ಹೊತ್ತು ಕೋರ್ಟಿಗೆ ನಡೆಯಬೇಕಿತ್ತು.

ಮನೆಗೆ ಬಂದ ಮೇಲೆ ಎವರಿಸ್ತೊ ಕಿಟಕಿಯ ಪಕ್ಕ ಕೂತು ಒಂದೇ ಮಾತನ್ನು ಅಗಿಯುತ್ತಿದ್ದ.

"ನೀನೇ ಹೇಳು ನೆರೀನಾ. ಸೈಕಲ್ ಮೇಲೆ ನನಗೆ ಎಲ್ಲಾ ಕಾಣತ್ತೆ. ಜಲ್ಲಿ ಕಾಣತ್ತೆ, ನಾಯಿ ಕಾಣತ್ತೆ. ಅವಳೊಬ್ಬಳು ಯಾಕೆ ಕಾಣ್ಲಿಲ್ಲ? ಸೆತ್ತಿಮಿಯೊ ಹೇಳೋದೇ ಸರಿ. ಓಡಿ ಬಂದಿರ್ಬೇಕು."

ಇವನು ಸುಳ್ಳು ಹೇಳುತ್ತಿರಲಿಲ್ಲ. ರಸ್ತೆಯಲ್ಲಿ ಎಲ್ಲ ಕಾಣುತ್ತದೆಂದು ನಿಜವಾಗಿಯೂ ನಂಬಿದ್ದ; ಅದು ನನಗೆ ಥಟ್ಟನೆ ಹೊಳೆಯಿತು. ಕೋಟು ಹಾಕಿಕೊಂಡು ನೇರ ಟೈರ್ ಅಂಗಡಿಗೆ ನಡೆದೆ.

"ಅವನಿಗೆ ರಸ್ತೇಲಿ ಜಲ್ಲಿ ಹೇಗೆ ಕಾಣ್ತಿತ್ತು?" ಅಂತ ಕೇಳಿದೆ. ಸೆತ್ತಿಮಿಯೊ ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೈ ಆಗಲೇ ಒಣಗಿತ್ತು.

"ನಾವು ಅವನನ್ನ ಮಧ್ಯದಲ್ಲಿ ಇಟ್ಕೋತಿದ್ವಿ," ಅಂದ ಕೊನೆಗೆ. "ಹಿಂದೆ ನಾನು. ಎಲ್ಲಾ ಕೂಗ್ತಿದ್ವಿ. ಕೂಗಬೇಕಾಗಿಲ್ಲದ್ದನ್ನೂ ಕೂಗ್ತಿದ್ವಿ. ತಿರುವು, ನೆರಳು, ಬಿದ್ದಿರೋ ಕೊಂಬೆ, ರಸ್ತೆ ದಾಟೋ ಬೆಕ್ಕು. ಹೊಸದಾಗಿ ಸೇರ್ದೋರು ಇದು ನಮ್ಮ ಸಂಘದ ಪದ್ಧತಿ ಅಂತಾನೇ ಅಂದ್ಕೊಂಡಿದಾರೆ."

"ಅವನಿಗೆ ಗೊತ್ತಿತ್ತಾ?"

"ಗೊತ್ತಾಗಬಾರ್ದು ಅಂತಾನೇ ಅಷ್ಟೆಲ್ಲ ಮಾಡಿದ್ದು. ಕೇಳಿದ್ದನ್ನ ನೋಡ್ದೆ ಅಂತ ತಿಳ್ಕೊಂಡಿದ್ದ. ಖುಷಿಯಾಗಿದ್ದ ನೆರೀನಾ. ಸೈಕಲ್ ಬಿಡಿಸಿದ್ರೆ ಸತ್ತೇ ಹೋಗ್ತಿದ್ದ."

"ಅದಕ್ಕೆ ಅವನ ಬದಲು ಇನ್ಯಾರೋ ಸತ್ತಳು. ಈಗಲಾದ್ರೂ ಹೋಗಿ ಅವನಿಗೆ ಹೇಳು."

"ನನ್ನ ಕೈಲಿ ಆಗಲ್ಲ. ನಿನ್ನ ದಮ್ಮಯ್ಯ, ನೀನೂ ಹೇಳ್ಬೇಡ. ಅವನ ಕಣ್ಣು ಚೆನ್ನಾಗಿದೆ ಅಂತ ಪೊಲೀಸ್ರ ಮುಂದೆ ನಾವೆಲ್ಲ ಹೇಳ್ತೀವಿ. ಇಷ್ಟು ವರ್ಷ ಜೊತೇಲಿ ಸೈಕಲ್ ತುಳಿದೋರ ಮಾತನ್ನ ಯಾರು ತೆಗೆದುಹಾಕ್ತಾರೆ?"

ನಾನೂ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವನು ಆ ಮುರಿದ ಹೆಗಲಿನಲ್ಲಿ ನನ್ನ ದನಿ ಬಂದ ಕಡೆಗೆ ತಿರುಗುತ್ತಿದ್ದ. ನಾನು ಊಟಕ್ಕೆ ಏನು ಮಾಡ್ಲಿ ಅಂತ ಕೇಳಿಬಿಡುತ್ತಿದ್ದೆ.

ಶನಿವಾರ ಮಧ್ಯಾಹ್ನ ಸೆತ್ತಿಮಿಯೊ ಸೇರಿ ಸಂಘದ ನಾಲ್ವರು ಮನೆಗೆ ಬಂದರು. ಪೊಲೀಸರ ಮುಂದೆ ಯಾರು ಏನು ಹೇಳಬೇಕೆಂದು ಅಡುಗೆಮನೆಯ ಮೇಜಿನ ಸುತ್ತ ಕೂತು ಮಾತಾಡಿಕೊಳ್ಳುತ್ತಿದ್ದರು. ಎವರಿಸ್ತೊನ ಮುಖದಲ್ಲಿ ಸ್ವಲ್ಪ ಗೆಲುವು ಬಂದಿತ್ತು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಸತ್ತವಳ ಮಗಳು, ಸಿಲ್ವಾನಾ. ನನ್ನ ವಯಸ್ಸಿಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಜಗಳಕ್ಕೆ ಬಂದಿಲ್ಲ," ಅಂದಳು. "ಇವರನ್ನ ಒಂದು ಮಾತು ಕೇಳಿ ಹೋಗ್ತೀನಿ."

ಒಳಗೆ ಕರೆದೆ. ಕುರ್ಚಿ ಕೊಟ್ಟರೂ ಅವಳು ಕೂರಲಿಲ್ಲ.

"ಕೊನೇಲಿ ಅಮ್ಮನ್ನ ನೋಡಿದ್ದು ನೀವೊಬ್ಬರೇ," ಅಂತ ಎವರಿಸ್ತೊನಿಗೆ ಹೇಳಿದಳು. "ಓಡಿ ಬಂದ್ಲು ಅಂತ ಹೇಳಿದ್ರಂತೆ. ಅವಳಿಗೆ ಮಂಡಿನೋವು. ಮೆಟ್ಟಿಲು ಇಳಿಯೋಕೂ ನನ್ನ ಕೈ ಹಿಡ್ಕೋಬೇಕಿತ್ತು. ಆವತ್ತು ಯಾಕೆ ಓಡಿದ್ಲು? ಯಾರಾದ್ರೂ ಕರೆದ್ರಾ? ಏನಾದ್ರೂ ನೋಡಿ ಹೆದರಿದ್ಲಾ? ಊರಲ್ಲಿ ಮನೆಮನೆಗೂ ಹೋಗಿ ಕೇಳ್ದೆ. ಯಾರೂ ಕರೆದಿಲ್ಲ ಅಂತಾರೆ. ನನಗೆ ನಿದ್ದೆ ಬರ್ತಿಲ್ಲ."

ಸಂಘದವರು ಮೇಜು ನೋಡುತ್ತ ಕೂತರು. ಇವರ ಒಂದು ಸುಳ್ಳು ಈ ಹೆಂಗಸನ್ನು ಮನೆಮನೆ ಅಲೆಸಿತ್ತು. ಅವಳು ಚೀಲದಿಂದ ಒಂದು ಫೋಟೋ ತೆಗೆದು ಎವರಿಸ್ತೊನ ಮುಂದೆ ತುಸು ಎಡಬದಿಗೆ ಹಿಡಿದಳು. ಅವನು ಅವಳ ಮುಖದ ಕಡೆಗೇ ತಿರುಗಿದ್ದ. ಕೈ ಮೇಲೇಳಲಿಲ್ಲ. ಫೋಟೋ ಹಾಗೇ ಗಾಳಿಯಲ್ಲಿ ನಿಂತಿತ್ತು.

"ಎಡಕ್ಕೆ. ಫೋಟೋ," ಅಂದ ಸೆತ್ತಿಮಿಯೊ ಹಿಂದಿನಿಂದ, ಮೆಲ್ಲಗೆ. ಬೇಕೆಂದು ಅಂದದ್ದಲ್ಲ, ನಾಲಿಗೆಗೆ ಹತ್ತಿದ ಅಭ್ಯಾಸ.

ಎವರಿಸ್ತೊನ ಕೈ ತಕ್ಷಣ ಎಡಕ್ಕೆ ಹೋಗಿ ಫೋಟೋ ಹಿಡಿಯಿತು. ಕೈಯಲ್ಲಿ ಹೊರಳಿಸಿ ಹತ್ತಿರಕ್ಕೆ ತಂದು ತಲೆಯಾಡಿಸಿದ. "ಹೌದಮ್ಮ. ಇವರೇ. ಇವರ ಮುಖ ನಾನು ಮರೆಯೋ ಹಾಗಿಲ್ಲ."

"ಅದು ಹಿಂಭಾಗ," ಅಂದಳು ಸಿಲ್ವಾನಾ. "ನೀವು ಫೋಟೋದ ಹಿಂಭಾಗ ನೋಡ್ತಿದೀರಿ."

ಎವರಿಸ್ತೊ ಫೋಟೋ ತಿರುಗಿಸಿದ. ಮತ್ತೆ ತಿರುಗಿಸಿದ. ಆಮೇಲೆ ಮೊಣಕಾಲ ಮೇಲಿಟ್ಟುಕೊಂಡ.

"ಸೆತ್ತಿಮಿಯೊ," ಅಂದ. "ರಸ್ತೇಲೂ ಹೀಗೇನಾ?"

ಸೆತ್ತಿಮಿಯೊ ನನ್ನ ಕಡೆ ನೋಡಿದ.

"ನೆರೀನಾ, ನೀನು ಹೇಳು."

"ಹೌದು," ಅಂದೆ. "ರಸ್ತೇಲೂ ಹೀಗೇ."

"ಅವಳು ಓಡಿ ಬಂದ್ಲು ಅಂದ್ಯಲ್ಲ ಸೆತ್ತಿಮಿಯೊ. ಅದು ನಿನಗೆ ಹೇಗೆ ಗೊತ್ತು?"

"ಹಾಗೇ ಆಗಿರ್ಬೇಕು ಅಂದ್ಕೊಂಡೆ ಕಣೋ," ಅಂದ ಸೆತ್ತಿಮಿಯೊ. ಅವನು ಅಳುತ್ತಿದ್ದ. ನನಗೆ ಕನಿಕರ ಬರಲಿಲ್ಲ.

ಎವರಿಸ್ತೊ ಕಷ್ಟಪಟ್ಟು ಎದ್ದು ನಿಂತ. ಸಿಲ್ವಾನಾ ನಿಂತಿದ್ದಾಳೆಂದುಕೊಂಡ ದಿಕ್ಕಿಗೆ ಫೋಟೋ ಚಾಚಿದ. ದಿಕ್ಕು ತಪ್ಪಿತ್ತು. ಅವಳೇ ಎರಡು ಹೆಜ್ಜೆ ಸರಿದು ಬಂದು ಅದರ ಮುಂದೆ ನಿಂತಳು.

"ಅಮ್ಮಾ, ನಿಮ್ಮ ತಾಯಿ ಓಡಿ ಬಂದ್ರೋ, ನಿಂತಿದ್ರೋ, ಹೆದರಿದ್ರೋ, ನನಗೆ ಏನೂ ಗೊತ್ತಿಲ್ಲ," ಅಂದ. "ಇವರು ಹೇಳಿದ್ದನ್ನ ನಾನು ಹೇಳ್ದೆ. ನಾನು ಅವರನ್ನ ನೋಡ್ಲೇ ಇಲ್ಲ. ಬಿದ್ದ ಮೇಲೂ ಕೋಟೆ ಬಾಗಿಲಿಗೆ ಗುದ್ದಿದೆ ಅಂದ್ಕೊಂಡಿದ್ದೆ. ಪೊಲೀಸ್ರಿಗೂ ಇದನ್ನೇ ಹೇಳ್ತೀನಿ."

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಫೋಟೋ ತೆಗೆದುಕೊಂಡು, ಅದರ ಮೇಲೆ ಬಿದ್ದಿದ್ದ ಬೆರಳಿನ ಗುರುತನ್ನು ತೋಳಿನಿಂದ ಒರೆಸಿ ಚೀಲದೊಳಗೆ ಇಟ್ಟಳು. ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು.

"ಅಂದ್ರೆ ಕೊನೇಲಿ ಅಮ್ಮನ್ನ ಯಾರೂ ನೋಡ್ಲಿಲ್ಲ," ಅಂದಳು.