ಪೈಲ್ವಾನನಿಗೆ ಐದು ಔಷಧಿ

ಗಡಿಯಾರ ರಿಪೇರಿಯವನು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ಒಂದು ಸಲ ಕೆಮ್ಮಿದರೆ ಸಾಕು, ಏಳು ಬೀದಿಗಳ ನಾಯಿಗಳ ಮೈಮೇಲೆ ರಕ್ತ ಹೀರುತ್ತ ಕೂತ ಉಣುಗುಗಳೆಲ್ಲ ಗಂಟುಮೂಟೆ ಕಟ್ಟಿ, ಹೆಂಡತಿ ಮಕ್ಕಳ ಕೈ ಹಿಡಿದು ಊರು ಬಿಡುತ್ತಿದ್ದವು. ಚಿಗಟಗಳಿಗೆ ಸ್ವಲ್ಪ ಮರ್ಯಾದೆ ಜಾಸ್ತಿ, ಹೋಗಿಬರುತ್ತೇವೆ ಎಂದು ಹೇಳಿಯೇ ಹೊರಡುತ್ತಿದ್ದವು. ಜಂತುಹುಳುಗಳಂತೂ ನಾಯಿಯ ಹೊಟ್ಟೆಯೊಳಗೇ ಕೂತು ರಾಜೀನಾಮೆ ಬರೆದುಕೊಟ್ಟಿದ್ದವು. ಇದಕ್ಕೆ ಸಾಕ್ಷಿ ಯಾರು ಎಂದರೆ ಗಡಿಯಾರ ರಿಪೇರಿಯವನೇ.

ಅವನ ಅಕ್ಕ ದೂರದ ಊರುಗಳಿಗೆ ಬಸ್ಸು ಓಡಿಸುವವಳು. ತಮ್ಮನ ಮಾತನ್ನು ಹತ್ತರಿಂದ ಭಾಗಿಸಿ ನಂಬುವುದು ಅವಳಿಗೆ ಚಿಕ್ಕಂದಿನಿಂದ ರೂಢಿ. ಹತ್ತು ಹಾವು ಕಂಡೆ ಎಂದರೆ ಒಂದು ಹಾವು. ಒಂದೇ ಹಾವು ಎಂದರೆ ಅದು ತೋಟಕ್ಕೆ ನೀರು ಬಿಡುವ ಪೈಪು. ಆದರೂ ಹದಿನೈದು ದಿನದ ತರಬೇತಿಗೆಂದು ಹೊರಟಾಗ ಪೈಲ್ವಾನನನ್ನು ಅವನ ಅಂಗಡಿಯಲ್ಲೇ ಬಿಟ್ಟಿದ್ದಳು. ಪೈಲ್ವಾನ ಎಂದರೆ ತನ್ನ ಬಾಲ ತನಗೇ ತಗುಲಿದರೂ ಬೆಚ್ಚಿಬೀಳುವ ಒಂಬತ್ತು ಕಿಲೋದ ಕಂದು ನಾಯಿ. ಆರು ವರ್ಷದ ಹಿಂದೆ ಬಸ್ಸಿನ ಚಕ್ರದ ಕೆಳಗಿಂದ ಅವಳೇ ಎತ್ತಿಕೊಂಡು ಬಂದು ಸಾಕಿದ್ದು. ಮನೆಗೆ ಮರಳಿದಾಗ ಬಾಗಿಲಿಗೆ ಓಡಿಬರುವ ಜೀವ ಅದೊಂದೇ.

"ಈ ತಿಂಗಳ ಔಷಧಿ ತಪ್ಪಿಸ್ಬೇಡ ಕಣೋ. ಕಪಾಟಲ್ಲಿ ಡಬ್ಬಿಗಳಿವೆ" ಎಂದಷ್ಟೇ ಹೇಳಿ ಹೋಗಿದ್ದಳು. ಯಾವ ಡಬ್ಬಿ ಎಂದು ಹೇಳಿರಲಿಲ್ಲ.

ಹದಿನೈದನೆಯ ದಿನ ಚೀಲ ಹೆಗಲಿಗೇರಿಸಿಕೊಂಡು ಬೀದಿಗೆ ಕಾಲಿಟ್ಟದ್ದೇ, ಗಡಿಯಾರದ ಅಂಗಡಿಯ ಪಕ್ಕದ ಬೇಕರಿಯಾಕೆ ಹಿಟ್ಟಿನ ಕೈಯಲ್ಲೇ ಅಡ್ಡ ಬಂದಳು.

"ಬಂದ್ರಾ ಡ್ರೈವರಮ್ಮ! ನಿಮ್ಮ ತಮ್ಮ ಎಂಥ ಗಟ್ಟಿಗರು ಕಣ್ರೀ! ನಿನ್ನೆ ಒಂದೇ ಬೆಳಿಗ್ಗೆ ನಾಯಿಗೆ ಐದು ಔಷಧಿ ಹಾಕಿದ್ರಂತೆ. ಉಣುಗಿಗೆ ಎರಡು ಕಂಪನೀದು ಎರಡು ಗುಳಿಗೆ, ಬೆನ್ನಿಗೆ ತೊಟ್ಟು ಮದ್ದು, ಕೊರಳಿಗೆ ಮದ್ದಿನ ಪಟ್ಟಿ, ಹೊಟ್ಟೆ ಹುಳುವಿಗೆ ಇನ್ನೊಂದು ಗುಳಿಗೆ. ಐದು ಸುತ್ತಿನ ಕೋಟೆ ಅಂತೆ!"

ಅಕ್ಕ ಅಂಗಡಿಯೊಳಗೆ ನುಗ್ಗಿದರೆ ಪೈಲ್ವಾನ ಮೇಜಿನ ಕೆಳಗೆ ಮುದುಡಿ ಮಲಗಿದ್ದ. ಬಾಲ ಅಲ್ಲಾಡಲಿಲ್ಲ. ಪಕ್ಕದಲ್ಲಿ ಎರಡು ಕಡೆ ವಾಂತಿ ಒರೆಸಿದ ಗುರುತು. ಕೊರಳಲ್ಲಿ ಪಟ್ಟಿ ಇರಲಿಲ್ಲ, ವಾಂತಿ ಶುರುವಾದ ಮೇಲೆ ಬಿಚ್ಚಿರಬೇಕು ಎಂದುಕೊಂಡಳು. ಐದನ್ನು ಹತ್ತರಿಂದ ಭಾಗಿಸಿದರೆ ಅರ್ಧ ಬರುತ್ತದೆ. ಅರ್ಧ ಔಷಧಿಗೆ ನಾಯಿ ಹೀಗೆ ಮಲಗುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳು ತಮ್ಮನ ಮಾತನ್ನು ಇಡಿಯಾಗಿ ನಂಬಿದಳು.

"ಐದು ಔಷಧಿ ಕೊಟ್ಟಿದ್ದು ನಿಜಾನಾ?"

ತಮ್ಮ, ಬಾಗಿಲಲ್ಲಿ ನಿಂತಿದ್ದ ಬೇಕರಿಯಾಕೆಯ ಕಡೆ ನೋಡಿದ. "ಐದೇನು, ಸರಿಯಾಗಿ ಎಣಿಸಿದ್ರೆ ಆರಾಗುತ್ತೆ" ಎಂದ. ದನಿಯಲ್ಲಿ ಮಾತ್ರ ಎಂದಿನ ಕಸುವಿರಲಿಲ್ಲ.

ಅಕ್ಕ ನಾಯಿಯನ್ನು ಎದೆಗವಚಿಕೊಂಡು ಓಡಿದಳು. ಹಿಂದೆ ತಮ್ಮ, ಅವನ ಹಿಂದೆ ಒಲೆ ಆರಿಸಿದೆನೋ ಇಲ್ಲವೋ ಎಂದು ಗೊಣಗುತ್ತ ಬೇಕರಿಯಾಕೆ.

ಪಶುವೈದ್ಯೆ ಚಿಕ್ಕ ವಯಸ್ಸಿನವಳು. ನಾಯಿಯನ್ನು ಉಕ್ಕಿನ ಮೇಜಿನ ಮೇಲೆ ಮಲಗಿಸಿ, ಕಣ್ಣು, ಒಸಡು ನೋಡುತ್ತ ಐದರ ಕತೆ ಕೇಳಿದಳು. ಮುಖ ಗಂಭೀರವಾಯಿತು.

"ಉಣುಗಿನ ಎರಡು ಗುಳಿಗೆ ಒಟ್ಟಿಗಾ? ಡಬ್ಬಿ ಮೇಲಿನ ಹೆಸರು ಬೇರೆ ಇದ್ರೂ ಒಳಗಿರೋ ಮದ್ದು ಒಂದೇ ಇರುತ್ತೆ ಎಷ್ಟೋ ಸಲ. ಹೆಚ್ಚಾದ್ರೆ ಫಿಟ್ಸ್ ಬರಬಹುದು. ನೋಡಿ, ಆಗಲೇ ನಡುಗ್ತಿದೆ. ಎರಡು ದಿನ ಇಲ್ಲೇ ಇರಬೇಕು. ಡ್ರಿಪ್ ಹಾಕ್ತೀನಿ, ಗಟ್ಟಿಯಾಗಿ ಹಿಡ್ಕೊಳ್ಬೇಕಾಗುತ್ತೆ."

ಸೂಜಿ ಚುಚ್ಚುವ ಮೊದಲು ಕಾಲಿನ ಕೂದಲು ಬೋಳಿಸುವ ಯಂತ್ರ ಗುಂಯ್ ಎಂದಿತು. ಪೈಲ್ವಾನ ಅಕ್ಕನ ತೋಳಿನೊಳಗೆ ಮುಖ ತೂರಿಸಿದ. ಘಟ್ಟದ ತಿರುವುಗಳಲ್ಲಿ ಬಸ್ಸು ತಿರುಗಿಸುವ ಕೈಗಳಿಂದ ಅವಳು ನಾಯಿಯ ಕಿವಿ ಮುಚ್ಚಿ ಹಿಡಿದಳು. ಅವಳು ತಮ್ಮನನ್ನು ಬೈಯಲಿಲ್ಲ. ಅವನ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ನಿಲ್ಲಿಸಿ ಡಾಕ್ಟ್ರೇ! ಐದು ಕೊಟ್ಟಿಲ್ಲ."

"ಮತ್ತೆ ಎಷ್ಟು?"

"ಎರಡು." ಬೇಕರಿಯಾಕೆಯ ಕಡೆ ತಿರುಗಿದ. "ನೀವು ಒಂದ್ನಿಮಿಷ ಕಿವಿ ಮುಚ್ಕೊಳ್ತೀರಾ?"

"ಒಲೆ ಬಿಟ್ಟು ಬಂದಿರೋಳು ನಾನು. ಕಿವಿ ಯಾಕೆ ಮುಚ್ಕೊಳ್ಲಿ?"

ಅವನು ಜೇಬಿನಿಂದ ಗಡಿಯಾರಗಳಿಗೆ ಕಟ್ಟುವ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ವೈದ್ಯೆ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದಳು. ನಾಯಿಯ ತೂಕ ಒಂಬತ್ತು ಕಿಲೋ ಇನ್ನೂರು ಗ್ರಾಂ. ರಕ್ತ ಪರೀಕ್ಷೆ ಆಗಿದೆ, ಹೃದಯದ ಹುಳು ಇಲ್ಲ. ಉಣುಗಿನ ಗುಳಿಗೆ ಒಂದು, ಊಟದ ಜೊತೆ, ಅಕ್ಕ ಹೋದ ಏಳನೇ ದಿನ. ಹುಳುವಿನ ಗುಳಿಗೆ ಒಂದು. ಬೇರೆ ಜಾತಿಯ ಮದ್ದು, ಒಟ್ಟಿಗೆ ಕೊಡಬಹುದು ಎಂದರು, ಆದರೂ ಎರಡು ದಿನ ಬಿಟ್ಟು ಕೊಟ್ಟೆ. ತೊಟ್ಟು ಮದ್ದು, ಕೊರಳ ಪಟ್ಟಿ: ಬೇಡ ಎಂದರು, ವಾಪಸ್ ಡಬ್ಬಿಗೆ.

"ಯಾರು ಅಂದ್ರು?"

"ಊರಿನ ಆ ತುದೀಲಿ ಒಬ್ಬ ಡಾಕ್ಟ್ರು. ಎರಡು ಬಸ್ಸು ಬದಲಾಯಿಸಿ ಹೋಗಿದ್ದೆ. ಇಲ್ಲಿಗೆ ಬಂದಿದ್ರೆ ನಮ್ಮ ಬೀದಿಯೋರು ನೋಡ್ತಿದ್ರಲ್ಲ." ಅವನು ತಲೆ ತಗ್ಗಿಸಿದ. "ಮೊದಲು ಒಂದಿಡೀ ದಿನ ಗಿರಾಕಿಗಳನ್ನ ವಾಪಸ್ ಕಳಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಡಬ್ಬಿ ಮೇಲಿನ ಸಣ್ಣಕ್ಷರ ಓದಿದೆ. ಎರಡು ಡಬ್ಬೀಲಿ ಒಂದೇ ಮದ್ದಿನ ಹೆಸರು ಕಾಣ್ತು. ಅದಕ್ಕೇ ಓಡಿದ್ದು."

"ಹಾಗಾದ್ರೆ ವಾಂತಿ ಯಾಕೆ?"

"ಗಿರಾಕಿಯೊಬ್ರ ವಾಚಿನ ಚರ್ಮದ ಪಟ್ಟಿ ಕಾಣ್ತಿಲ್ಲ. ಬಕಲ್ ಮಾತ್ರ ಸಿಕ್ಕಿದೆ."

ವೈದ್ಯೆ ಹೊಟ್ಟೆಯನ್ನು ನಿಧಾನವಾಗಿ ಒತ್ತಿ ನೋಡಿದಳು, ಎದೆಬಡಿತ ಕೇಳಿದಳು, ಯಂತ್ರ ಆರಿಸಿ ಪಕ್ಕಕ್ಕಿಟ್ಟಳು. ವಾಂತಿ ನಿಲ್ಲಲು ಒಂದು ಸೂಜಿ, ಸಂಜೆಯವರೆಗೆ ಇಲ್ಲೇ ಕಣ್ಗಾವಲು, ಅಷ್ಟು ಸಾಕು ಎಂದಳು. ನಡುಕ ಬರೀ ಹೆದರಿಕೆಯದು. "ಇಷ್ಟು ಚೆನ್ನಾಗಿ ಬರ್ಕೊಂಡು ಬಂದೋರನ್ನ ನಾನಂತೂ ಇದುವರೆಗೆ ನೋಡಿಲ್ಲ. ಯಾರಿವರು?"

"ನನ್ನ ತಮ್ಮ!" ಎಂದಳು ಅಕ್ಕ. ಹೊರಗೆ ಬೆಂಚಿನ ಮೇಲೆ ಬೆಕ್ಕಿನ ಬುಟ್ಟಿ ಹಿಡಿದು ಕೂತವರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು. ಬಸ್ಸಿನ ದೊಡ್ಡ ಚಕ್ರ ಮೊದಲ ಸಲ ಕೈಗೆ ಸಿಕ್ಕಿದ ದಿನವೂ ಅವಳು ಇಷ್ಟು ನೆಟ್ಟಗೆ ನಿಂತಿರಲಿಲ್ಲ. "ಒಡಹುಟ್ಟಿದ ತಮ್ಮ. ಗಡಿಯಾರ ರಿಪೇರಿ ಮಾಡ್ತಾನೆ."

"ಮೆಲ್ಲಗೆ ಅಕ್ಕಾ, ಮರ್ಯಾದೆ ಹೋಗುತ್ತೆ."

"ಅಲ್ಲಾರೀ," ಬೇಕರಿಯಾಕೆ ಸೊಂಟಕ್ಕೆ ಕೈಯಿಟ್ಟಳು. "ಇಷ್ಟೆಲ್ಲ ಸರಿಯಾಗಿ ಮಾಡಿದೋರು, ಐದು ಕೊಟ್ಟೆ ಅಂತ ಯಾಕ್ರೀ ಸಾರಿಕೊಂಡು ಬಂದ್ರಿ? ನಾಳೆ ನಾನೂ ನನ್ನ ನಾಯಿಗೆ ಐದು ಹಾಕೋಳಿದ್ದೆ!"

ಆ ಮಾತು ಅವನ ಲೆಕ್ಕದಲ್ಲೇ ಇರಲಿಲ್ಲ.

"ಹಾಕ್ಬೇಡಿ, ದಮ್ಮಯ್ಯ! ನಾನು ಹೇಳಿದ್ದೆಲ್ಲ ಸುಳ್ಳು." ಬೆಂಚಿನ ಮೇಲಿದ್ದವರಿಗೂ ಕೇಳುವಂತೆ ಹೇಳಿದ. "ಕೊಟ್ಟಿದ್ದು ಎರಡೇ, ಅದೂ ಕೇಳ್ಕೊಂಡು. ಮೊದಲನೇ ಗುಳಿಗೆ ನುಂಗಿಸಿದ ಮೇಲೆ ಅಂಗಡಿ ಬಾಗಿಲು ಹಾಕ್ಕೊಂಡು ಇವನ ಮುಂದೇನೇ ಕೂತಿದ್ದೆ. ಇವನು ಒಂದು ಸಲ ಸೀನಿದ. ನಾನು ಅತ್ತುಬಿಟ್ಟೆ. ಇದನ್ನ ಬೀದೀಲಿ ಹೇಗೆ ಹೇಳ್ಲಿ?"

"ನೀನು ಅತ್ತ್ಯಾ?" ಎಂದಳು ಅಕ್ಕ.

"ಹೂಂ. ಆಮೇಲೆ ಅದು ಬರೀ ಸೀನು ಅಂತ ಗೊತ್ತಾಯ್ತು. ಆದ್ರೂ ಅಳು ನಿಲ್ಲಲಿಲ್ಲ."