ಹಸಿರು ಪೊಟ್ಟಣ ಉಬ್ಬಿದ ಮಧ್ಯಾಹ್ನ

ಕಂಪ್ಯೂಟರ್ ನಿಂತುಹೋಗಿ ಪರದೆ ಮತ್ತೆ ನೀಲಿಯಾಯಿತು. ನನ್ನ ಬೆನ್ನ ಹಿಂದೆ ನಿಂತಿದ್ದ ಅಕ್ಕ ಪೇ-ಲಿಂಗ್ ಉಸಿರೆಳೆದುಕೊಂಡಳು, ಬಿಡಲಿಲ್ಲ.

"ಷಿ-ಕಾಯ್, ಏನೋ ಅದು?"

"ಏನಿಲ್ಲ ಅಕ್ಕ, ಈಗ ಸರಿಹೋಗುತ್ತೆ."

"ಆಗ್ಲೂ ಇದನ್ನೇ ಹೇಳ್ದೆ!"

ಅಕ್ಕನ ಪದವಿಯ ಕೊನೆಯ ಕೆಲಸ ಒಂದು ಪುಟ್ಟ ಅನಿಮೇಷನ್ ಚಿತ್ರ. ಸಂಜೆ ಐದರೊಳಗೆ ಕಾಲೇಜಿಗೆ ಕಳಿಸದಿದ್ದರೆ ಇನ್ನೊಂದು ವರ್ಷ ಅಲ್ಲೇ ಕೂರಬೇಕು. ಇದ್ದ ವೇಗದಲ್ಲಿ ಓಡಿದರೆ ಕಂಪ್ಯೂಟರ್ ಚಿತ್ರ ಸಿದ್ಧಮಾಡಿ ಮುಗಿಸುವಾಗ ಐದು ದಾಟುತ್ತಿತ್ತು. ಅದಕ್ಕೇ ಅವಳು ಕೇಳಿಕೊಂಡಳು, ನಾನು ಓವರ್‌ಕ್ಲಾಕ್ ಮಾಡಿದೆ. ಅಂದರೆ ಪ್ರೊಸೆಸರ್ ತಯಾರಿಸಿದವರು ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಅದನ್ನು ಓಡಿಸುವುದು. ಬೆಳಿಗ್ಗೆಯೆಲ್ಲ ಚಿಗರೆಯಂತೆ ಓಡಿತು.

ಊಟದ ಹೊತ್ತಿಗೆ ಅಮ್ಮ ಹಸಿರು ಪೊಟ್ಟಣದ ಜೋಳದ ತಿಂಡಿ ತಂದು ಕಂಪ್ಯೂಟರ್ ಪೆಟ್ಟಿಗೆಯ ತಲೆಯ ಮೇಲಿಟ್ಟಳು. ಆ ತಿಂಡಿಯ ಹೆಸರಿಗೇ 'ವಿಧೇಯ' ಎಂಬ ಅರ್ಥ, ಅದಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆಂದು ನಮ್ಮಲ್ಲಿ ನಂಬಿಕೆ. ಅವಳು ಕೆಲಸಮಾಡುವ ಬ್ಯಾಂಕಿನ ಯಂತ್ರಗಳ ಮೇಲೂ ಹಾಗೇ ಇಡುತ್ತಾರೆ, ಎಲ್ಲ ಸರಿಯಿದೆ ಎನ್ನುವ ದೀಪದಂತೆ ಹಸಿರೇ ಆಗಬೇಕು.

ಅದಾದ ಸ್ವಲ್ಪ ಹೊತ್ತಿಗೇ ಯಂತ್ರ ಮೊದಲ ಸಲ ಬಿತ್ತು, ಪರದೆ ನೀಲಿಯಾಗಿ ಎಲ್ಲ ನಿಂತುಹೋಯಿತು.

ಮೆಮೊರಿಯ ತಪ್ಪಿರಬಹುದೆಂದು ಅದರ ವೇಗ ಇಳಿಸಿದೆ. ಬಿತ್ತು. ವೋಲ್ಟೇಜ್ ಸಾಲದೇನೋ ಎಂದು ಒಂದು ಚೂರು ಏರಿಸಿದೆ. ಜಾಸ್ತಿಯಾದರೆ ಪ್ರೊಸೆಸರ್ ಸುಟ್ಟೇಹೋಗುತ್ತದೆ, ಚಿತ್ರವೂ ಇಲ್ಲ, ಯಂತ್ರವೂ ಇಲ್ಲ. ಮತ್ತೆ ಬಿತ್ತು. ಬೀಳುವ ಮುಂಚೆ ಶಾಖ ನೂರು ಡಿಗ್ರಿ ಮುಟ್ಟಿದ್ದು ಕಾಣಿಸಿತು.

ಪೊಟ್ಟಣವನ್ನು ಮೆಲ್ಲಗೆ ಕೆಳಗಿಳಿಸಿ, ಪೆಟ್ಟಿಗೆಯ ಪಕ್ಕದ ಬಾಗಿಲು ಬಿಚ್ಚಿದೆ. ಫ್ಯಾನ್‌ಗಳೆಲ್ಲ ತಿರುಗುತ್ತಿದ್ದವು. ಹಾಗೇ ಓಡಿಸಿದರೆ ಶಾಖ ಸರಸರನೆ ಇಳಿಯಿತು!

"ಹೀಗೇ ಬಿಡೋಣ," ಎಂದೆ.

"ಭೂತಗಳು ಊರೆಲ್ಲ ತಿರುಗೋ ತಿಂಗಳಲ್ಲಿ ಅದರ ಹೊಟ್ಟೆ ತೆರೆದಿಡ್ತೀಯೇನೋ?" ಅಮ್ಮ ಗದರಿದಳು. "ಅವಕ್ಕೆ ಅಂತ ಬಾಗಿಲಲ್ಲಿ ಎಡೆ ಇಟ್ಟಿದ್ದೀನಿ. ಯಾವುದಾದ್ರೂ ಒಳಗೆ ಹೊಕ್ಕರೆ? ಮುಚ್ಚು!"

ಎಡೆಯ ಮುಂದಿನ ಊದುಬತ್ತಿಯ ಬೂದಿಯೂ ಗಾಳಿಗೆ ಹಾರಿಬರುತ್ತಿತ್ತು. ಮುಚ್ಚಿದೆ. ಅಮ್ಮ ಒಂದಲ್ಲ, ಮೂರು ಪೊಟ್ಟಣ ಸಾಲಾಗಿ ಮೇಲಿಟ್ಟು ಕೈಮುಗಿದಳು.

ಈ ಸಲ ಇನ್ನೂ ಬೇಗ ಬಿತ್ತು.

"ತೆರೆದ್ರೆ ಓಡುತ್ತೆ, ಮುಚ್ಚಿದ್ರೆ ಸಾಯುತ್ತೆ," ಅಕ್ಕ ಪಿಸುಗುಟ್ಟಿದಳು. "ಒಳಗೆ ಏನೋ ಇದೆ ಕಣೋ."

ಪೆಟ್ಟಿಗೆಯತ್ತ ನೋಡಲೇ ಆಗಲಿಲ್ಲ, ಮೇಲಿನ ಪೊಟ್ಟಣಗಳನ್ನು ನೋಡಿದೆ. ನಡುವಿನದು ಹೊಟ್ಟೆ ಉಬ್ಬಿಸಿಕೊಂಡು ಡೋಲಿನಂತೆ ಬಿಗಿದು ಕೂತಿತ್ತು. ಮುಟ್ಟಿದೆ. ಸುಡುತ್ತಿತ್ತು!

ಬಿಸಿಗಾಳಿ ಹೊರಹೋಗುವ ಜಾಲರಿ ಇರುವುದೇ ಪೆಟ್ಟಿಗೆಯ ತಲೆಯ ಮೇಲೆ. ಪೆಟ್ಟಿಗೆ ಬಿಚ್ಚುವಾಗ ನಾನೇ ಭಕ್ತಿಯಿಂದ ಪೊಟ್ಟಣ ಇಳಿಸಿದ್ದೆ, ಮುಚ್ಚಿದ ಮೇಲೆ ಅದು ಮತ್ತೆ ಜಾಲರಿಯ ಮೇಲೇ ಏರಿತ್ತು.

"ಅಮ್ಮ, ಇದನ್ನ ತೆಗೀಬೇಕು."

"ಮುಟ್ಟಬೇಡ! ಓಡೋ ಯಂತ್ರದ ಮೇಲಿಂದ ತೆಗೆದ್ರೆ ಕೆಟ್ಟೇಹೋಗುತ್ತೆ!"

"ಈಗ ಓಡ್ತಿಲ್ಲವಲ್ಲಮ್ಮ, ಸತ್ತಿದೆ!"

ಅಕ್ಕ ಕಣ್ಣು ಮುಚ್ಚಿಕೊಂಡಳು. ಅಷ್ಟೆಲ್ಲ ಗೊತ್ತಿದ್ದೂ ನನ್ನ ಕೈ ಹಿಂಜರಿಯಿತು. ಮನಸ್ಸಿನಲ್ಲೇ ಕ್ಷಮೆ ಕೇಳಿ, ಮೂರನ್ನೂ ಎತ್ತಿ ಪೆಟ್ಟಿಗೆಯ ಪಕ್ಕಕ್ಕೆ, ಮೇಜಿನ ಮೇಲೆ ಸರಿಸಿದೆ. ಏರಿಸಿದ್ದ ವೋಲ್ಟೇಜನ್ನು ಹಳೆಯ ಮಟ್ಟಕ್ಕಿಳಿಸಿ ಗುಂಡಿ ಒತ್ತಿದೆ.

ಜಾಲರಿಯಿಂದ ಬಿಸಿಗಾಳಿ ಭುಸ್ಸೆಂದು ನನ್ನ ಮುಖಕ್ಕೆ ಬಡಿಯಿತು. ಶಾಖ ಎಂಬತ್ತಕ್ಕೆ ಬಂದು ನಿಂತಿತು. ನಾವು ಮೂವರೂ ಕೆಮ್ಮದೆ ಆ ಅಂಕಿಯನ್ನೇ ನೋಡುತ್ತಾ ಕೂತೆವು. ಫ್ಯಾನಿನ ಸದ್ದು ಒಂದಿಷ್ಟು ಬದಲಾದರೂ ಅಕ್ಕ ನನ್ನ ಮಣಿಕಟ್ಟು ಹಿಸುಕುತ್ತಿದ್ದಳು.

ಐದಕ್ಕೆ ಕೆಲವೇ ನಿಮಿಷ ಇರುವಾಗ ಚಿತ್ರ ಕಾಲೇಜಿಗೆ ಹೋಯಿತು. ತಲುಪಿದೆ ಎಂಬ ಉತ್ತರವೂ ಬಂತು. ಅಕ್ಕ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನಾನು ಹಸಿವಿನಿಂದ ಒಂದು ಪೊಟ್ಟಣಕ್ಕೆ ಕೈ ಹಾಕಿದೆ. ಅಮ್ಮ ಪಟ್ಟನೆ ಹೊಡೆದಳು.

"ಹೋಗ್ಲಿ, ಕಂಪ್ಯೂಟರ್ ಆದ್ರೂ ಆರಿಸು," ಎಂದಳು ಅಕ್ಕ.

"ನೀನೇ ಆರಿಸು. ಓಡೋ ಯಂತ್ರ ನಾನು ಮುಟ್ಟಲ್ಲ."

"ನಾನ್ಯಾಕೋ? ಅಮ್ಮ, ನೀನು?"

ಅಮ್ಮ ಅಂಗಿಯ ತುದಿಗೆ ಕೈ ಒರೆಸುತ್ತಾ ಅಡುಗೆಮನೆಗೆ ನಡೆದುಬಿಟ್ಟಳು. ಯಂತ್ರ ಓಡುತ್ತಲೇ ಇತ್ತು.