ಕಲ್ಲಿನ ಹಿಟ್ಟು ಕುಡಿದ ಮೋಟಾರುಸೈಕಲ್ಲು

ಆ ಕಲ್ಲಿನ ಮಿಲ್ಲಿನಲ್ಲಿ ಜನರೇಟರಿಗೆ ಹದಿನೈದು ದಿನಕ್ಕೊಮ್ಮೆ ಹೊಸ ಏರ್ ಫಿಲ್ಟರು ಹಾಕುತ್ತಿದ್ದರು. ಅಲ್ಲಿ ದುಡಿಯುವ ಮೂವತ್ತಾರು ಜನರ ಮೂಗು ಬಾಯಿಗೆ ಕಟ್ಟಲು ಏನೂ ಕೊಡುತ್ತಿರಲಿಲ್ಲ.

ನಾನು ಆ ಮಿಲ್ಲಿನ ಗೇಟಿನ ಹೊರಗೆ ಒಂಬತ್ತು ವರ್ಷ ನಿಂತ ಒಂದು ಮೋಟಾರುಸೈಕಲ್ಲು. ಹುಟ್ಟಿದ್ದು ದೂರದ ಒಂದು ದೊಡ್ಡ ಕಾರ್ಖಾನೆಯಲ್ಲಿ. ಒಬ್ಬ ಚಕ್ರ ಸಿಕ್ಕಿಸಿದ, ಇನ್ನೊಬ್ಬ ಟ್ಯಾಂಕು ಕೂರಿಸಿದ, ಒಬ್ಬಾಕೆ ದೀಪ ಹಚ್ಚಿ ಆರಿಸಿ ನೋಡಿದಳು. ಹಾಗೆ ನಾನು ಕೆಂಪಗೆ ಹುಟ್ಟಿದೆ. ನನ್ನನ್ನು ಹುಟ್ಟಿಸಿದ ಆ ಕೈಗಳಲ್ಲಿ ಒಂದಾದರೂ ನನ್ನಂಥದ್ದರ ಹ್ಯಾಂಡಲ್ ಹಿಡಿದು ಮನೆಗೆ ಹೋದದ್ದನ್ನು ನಾನು ಕಾಣಲಿಲ್ಲ. ಸಂಜೆ ಸೈರನ್ ಆದರೆ ಅವರೆಲ್ಲ ಬಸ್ಸಿಗೆ ಓಡುತ್ತಿದ್ದರು.

ಒಡೆಯರನ್ನು ನಾನು ಬಲ್ಲೆನಾದರೆ ಅವರ ಕಾಲಿನಿಂದ ಬಲ್ಲೆ. ಕಿಕ್ ಹೊಡೆಯುವುದು ಕಾಲು ತಾನೇ. ಮೊದಲನೆಯವರು ಹುನಗುಂದದ ಡ್ರಾಯಿಂಗ್ ಮಾಸ್ತರರು. ಪಾಲಿಶ್ ಮಾಡಿದ ಬೂಟು, ಮೆತ್ತಗಿನ ಕಿಕ್ಕು. ಭಾನುವಾರ ನನ್ನನ್ನು ತೊಳೆದು, ಸೀಟಿನ ಮೇಲೆ ಮಡಿಸಿದ ಟವೆಲು ಹಾಸಿ, ಮಕ್ಕಳು ಮುಟ್ಟಿದರೆ ಗದರುತ್ತಿದ್ದರು. ಅವರು ರಿಟೈರ್ ಆದ ಮೇಲೆ ವಿಮೆ ಏಜೆಂಟನೊಬ್ಬನ ಕೈಗೆ ಬಂದೆ. ಅವನದು ಸ್ಯಾಂಡಲ್ಲು. ಊರೂರು ಸುತ್ತಿಸಿ ಎರಡು ಸಲ ನನ್ನ ಸವೆದ ಸಿಲಿಂಡರನ್ನು ಕೊರೆಸಿ ಬೋರು ಹೊಡೆಸಿದ. ಮೂರನೆಯವನು ಹುಲಿಗೆಪ್ಪ. ಅಷ್ಟೊತ್ತಿಗೆ ನನ್ನ ಕೆಂಪು ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಅವನದು ಬರಿಗಾಲು. ಒಡೆದ ಹಿಮ್ಮಡಿಯ ಬಿರುಕುಗಳಲ್ಲಿ ಯಾವಾಗಲೂ ಬಿಳಿ ಹಿಟ್ಟು ತುಂಬಿರುತ್ತಿತ್ತು.

ಅದು ಬೆಣಚುಕಲ್ಲಿನ ಹಿಟ್ಟು. ಆ ಮಿಲ್ಲು ಬೆಣಚುಕಲ್ಲನ್ನು ಪೌಡರಿನ ಹಾಗೆ ಬೀಸುತ್ತದೆ. ಪೌಡರು ಲಾರಿ ಹತ್ತಿ ಹೋಗಿ ಯಾರದೋ ಕಿಟಕಿಯ ಗಾಜಾಗುತ್ತದೆ, ಯಾರದೋ ಬಚ್ಚಲ ಟೈಲ್ಸಾಗುತ್ತದೆ. ಹುಲಿಗೆಪ್ಪ ಯಂತ್ರದ ಬಾಯಿಗೆ ಕಲ್ಲು ಹಾಕುತ್ತಿದ್ದ. ಅವನ ಹೆಂಡತಿ ಯಂಕವ್ವ ಇನ್ನೊಂದು ತುದಿಯಲ್ಲಿ ಚೀಲಕ್ಕೆ ಪೌಡರು ತುಂಬುತ್ತಿದ್ದಳು. ಸಂಜೆ ಇಬ್ಬರೂ ಗೇಟು ದಾಟಿ ಬರುವಾಗ ಯಾರು ಗಂಡ ಯಾರು ಹೆಂಡತಿ ಎಂದು ಗುರುತು ಹಿಡಿಯಲು ನಾನು ಕಾಲೇ ನೋಡಬೇಕಾಗುತ್ತಿತ್ತು. ಉಳಿದದ್ದೆಲ್ಲ ಬಿಳಿ.

ಒಂದು ಬೆಳಿಗ್ಗೆ ಮ್ಯಾನೇಜರ್ ಚಿದಾನಂದ ಜನರೇಟರಿನ ಹಳೆ ಫಿಲ್ಟರನ್ನು ಹೊರಗೆ ಎಸೆಸುತ್ತಿದ್ದ. ಹುಲಿಗೆಪ್ಪ ನನ್ನ ಪಕ್ಕದಲ್ಲೇ ನಿಂತು ಕೇಳಿದ.

"ಹಳೇದರ ಕೊಡ್ರಿ ಸಾಹೇಬ್ರ. ಹೆಂಗೂ ಒಗ್ಯಾಕತ್ತೀರಿ. ಕತ್ತರಿಸಿ ಬಾಯಿಗಿ ಕಟ್ಗೋತೀವಿ."

"ಕಂಪನಿ ಸಾಮಾನಲೇ ಅದು. ಟಾವೆಲ್ ಕಟ್ಗೊಂಡ್ ದುಡಿ. ನಿಮ್ಮಪ್ಪ ಏನ್ ಕಟ್ಗೊಂಡಿದ್ದ?"

"ನಮ್ಮಪ್ಪ ಮೂವತ್ತೆಂಟಕ್ಕ ಸತ್ತ್ರಿ."

"ನಿನಗೆಷ್ಟು?"

"ನಲವತ್ತ್ರಿ."

"ಮತ್ತ? ಅಪ್ಪನಕಿಂತ ಎರಡು ವರ್ಷ ಹೆಚ್ಚಿಗಿ ಬದುಕೀದಿ. ಹೋಗು, ಕೆಲಸ ನೋಡು."

ಅವತ್ತು ಸಂಜೆ ಹುಲಿಗೆಪ್ಪ ನನ್ನ ಪಕ್ಕದ ಮುಚ್ಚಳ ಬಿಚ್ಚಿದ. ಒಳಗೆ ಅಂಗೈ ಅಗಲದ ಕಪ್ಪು ಸ್ಪಂಜಿರುತ್ತದೆ. ನಾನು ಉಸಿರೆಳೆಯುವುದು ಅದರ ಮೂಲಕ. ಅದನ್ನು ತೆಗೆದು ಸೀಮೆಎಣ್ಣೆಯಲ್ಲಿ ತೊಳೆದ, ಮೂರು ಸಲ ಸೋಪು ಹಾಕಿ ತೊಳೆದ, ಒಣಗಿಸಿದ, ಹಳೆ ಸೀರೆಯ ತುಂಡಿನೊಳಗಿಟ್ಟು ಹೊಲಿದ. ಎರಡು ಕಡೆ ಲಾಡಿ ಹಚ್ಚಿ ಯಂಕವ್ವನ ಮೂಗು ಬಾಯಿ ಮುಚ್ಚುವ ಹಾಗೆ ಕಟ್ಟಿದ.

"ಥೂ, ಸೀಮಿಎಣ್ಣಿ ನಾರತೈತಿ."

"ನಾರಲಿ. ನಾತಕ್ಕ ಯಾರೂ ಸತ್ತಿಲ್ಲ."

"ಗಾಡಿಗಿ?"

"ಗಾಡಿಗಿ ಕೆಮ್ಮು ಬರಂಗಿಲ್ಲ, ಸುಮ್ಕಿರು."

ಸ್ಪಂಜು ಒಬ್ಬರ ಮುಖಕ್ಕಷ್ಟೇ ಸಾಲುತ್ತಿತ್ತು. ಅವನು ಟವೆಲು ಕಟ್ಟಿಕೊಂಡೇ ಹೋದ. ಆ ಹೊತ್ತಿಗಾಗಲೇ ಅವನು ಕಿಕ್ ಹೊಡೆಯುವ ಮುಂಚೆ ನನ್ನ ಟ್ಯಾಂಕಿನ ಮೇಲೆ ಎರಡೂ ಕೈಯೂರಿ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದ. ಮೊದಮೊದಲು ಅದನ್ನು ಪ್ರೀತಿ ಎಂದು ತಿಳಿದಿದ್ದೆ.

ಎಂಟು ತಿಂಗಳು ನಾನೂ ಅವರ ಹಾಗೆಯೇ ಉಸಿರಾಡಿದೆ. ಮಿಲ್ಲಿನ ದಾರಿಯಲ್ಲಿ ಗಿಡದ ಎಲೆ ಕೂಡ ಬೆಳ್ಳಗಿರುತ್ತದೆ, ಆ ಗಾಳಿಯೆಲ್ಲ ಸೀದಾ ನನ್ನ ಹೊಟ್ಟೆಗೆ ಇಳಿಯಿತು. ಮೊದಲು ಶಕ್ತಿ ಕುಂದಿತು. ಆಮೇಲೆ ಒಳಗೊಳಗೆ ಕಟಕಟ. ಒಂದು ಮಧ್ಯಾಹ್ನ ಇಬ್ಬರನ್ನೂ ಹೊತ್ತು ಏರು ಹತ್ತುವಾಗ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತು. ಹಿಂದಿನ ಚಕ್ರ ತಿರುಗದೆ ನಿಂತಿತು. ಗಂಡ ಹೆಂಡತಿ ಇಬ್ಬರೂ ರಸ್ತೆಗೆ ಬಿದ್ದರು.

ದಾವಲಸಾಬನ ಗ್ಯಾರೇಜು ಕುಷ್ಟಗಿ ರಸ್ತೆಯಲ್ಲಿ, ಒಂದು ಬೇವಿನಮರ, ನಾಲ್ಕು ತಗಡು. ಇಡೀ ಸೀಮೆಯ ಇಂಜಿನ್ನು ಬಿಚ್ಚಿದ ಕೈ ಅವನದು, ಬಿಚ್ಚುವಾಗ ಒಡೆಯನನ್ನು ಬೈಯದೆ ಬಿಡುವವನಲ್ಲ. ನನ್ನ ಹೆಡ್ ಎತ್ತಿದ, ಸಿಲಿಂಡರು ಎಳೆದ, ಪಿಸ್ಟನ್ನಿನ ಮೈಮೇಲಿನ ಗೀರುಗಳನ್ನು ನೋಡಿದ.

"ಏನಲೇ ಹುಲಿಗ್ಯಾ, ಪೆಟ್ರೋಲ್ ಬದಲಿ ಸಿಮಿಂಟ್ ಹಾಕಿದ್ಯೇನು? ಸ್ಪಂಜ್ ಎಲ್ಲಿ?"

"ಐತಿ."

"ಎಲ್ಲೈತಿ?"

ಹುಲಿಗೆಪ್ಪ ಹೆಂಡತಿಯ ಕಡೆ ಕೈ ಮಾಡಿದ. ಅದು ಅವಳ ಕೊರಳಲ್ಲಿ ಜೋತುಬಿದ್ದಿತ್ತು. ದಾವಲಸಾಬ ಮತ್ತೆ ಇಂಜಿನ್ನಿನ ಕಡೆ ಬಗ್ಗಿದ. ಕ್ರ್ಯಾಂಕಿನ ತಳದಲ್ಲಿ ಎಣ್ಣೆಯೊಂದಿಗೆ ಕಲಸಿ ಕೂತಿದ್ದ ಹಿಟ್ಟನ್ನು ಎರಡು ಬೆರಳಲ್ಲಿ ತೆಗೆದು ತಿಕ್ಕಿ ನೋಡಿದ. ಅದು ಅರದ ಹಾಗೆ ಕರಕರ ಎಂದಿತು.

"ಇದು ಎಂಟು ತಿಂಗಳ ಕುಡದದ್ದು. ನೀ ಎಷ್ಟು ವರ್ಷಾತು?"

"ಹತ್ತೊಂಬತ್ತು."

"ಡಾಕ್ಟರು?"

"ಊರಾಗಿನವ್ರು ಟೀಬಿ ಅಂದ್ರಣ್ಣಾ. ಮೂರು ಸಲ ಗುಳಗಿ ಕೊಟ್ರು."

"ಮೂರು ಸಲ ಗುಳಗಿ ನುಂಗಿದ್ರೂ ಹೋಗಲಾರದ್ದು ಎಂಥಾ ಟೀಬಿಯೋ ಮಾರಾಯಾ. ನೋಡು, ಇದನ್ನ ಗುಜರಿಗಿ ಹಾಕು. ಮೂರನೇ ಬೋರ್ ಹೊಡದ್ರ ಸಿಲಿಂಡರಿನ ಗ್ವಾಡಿ ಕಾಗದ ಆಕ್ಕೈತಿ."

"ಬ್ಯಾಡಣ್ಣಾ. ನಾವಿರೂ ಶೆಡ್ಡಿನಿಂದ ಬಸ್ ಸ್ಟ್ಯಾಂಡು ನಾಕು ಕಿಲೋಮೀಟರ್. ನನಗ ನಲವತ್ತು ಹೆಜ್ಜಿ ನಡ್ಯಾಕಾಗವಲ್ದು. ಜಿಲ್ಲಾ ದವಾಖಾನಿಗಿ ಹೋಗಿ ಬರಸ್ಕೊಂಡ್ ಬರಬೇಕು. ಇದು ಕಲ್ಲಿನ ಹಿಟ್ಟಿನ ಜಡ್ಡು ಅಂತ, ಒಂದು ಸಾಲು. ಅಷ್ಟು ಬರದ್ ಕೊಟ್ರ ಮಿಲ್ಲಿನಾಗಿದ್ದವ್ರಿಗಿ ನಾಳೆ ಬಾಯಿ ತಗದು ಪರಿಹಾರ ಕೇಳಾಕಾಕ್ಕೈತಿ. ನಮ್ಮಪ್ಪನ ಕಾಗದದಾಗ ಟೀಬಿ ಅಂತನ ಐತಿ. ನಂದರಾಗೂ ಹಂಗ ಬರೀಬಾರದು."

ನನ್ನನ್ನು ಮತ್ತೆ ಕಟ್ಟಲು ಹನ್ನೊಂದು ದಿನ ಹಿಡಿಯಿತು. ಗೋಣಿಚೀಲದ ಮೇಲೆ ನಾನು ತುಂಡುತುಂಡಾಗಿ ಹರಡಿ ಬಿದ್ದಿದ್ದೆ. ಲೇತಿನವನು ಕೊನೆಯ ಅಳತೆಗೆ ಬೋರು ಹೊಡೆದು, ಇನ್ನೊಮ್ಮೆ ತರಬೇಡ ಎಂದ. ಬೇರಿಂಗು ಹೊಸದು, ಆಯಿಲ್ ಸೀಲು ಹೊಸದು, ಕ್ರ್ಯಾಂಕು ಮಾತ್ರ ಅಪಘಾತದಲ್ಲಿ ಹೋದ ಯಾವುದೋ ಗಾಡಿಯದು. ಹುಲಿಗೆಪ್ಪ ದಿನಾ ಯಾರದೋ ಟ್ರ್ಯಾಕ್ಟರು ಹತ್ತಿ ಬಂದು ಹಳೆ ಟೈರಿನ ಮೇಲೆ ಕೂತು ನನ್ನ ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಹತ್ತು ತೊಳೆಯುವುದು, ಕೆಮ್ಮುವುದು, ಮತ್ತೆ ಹತ್ತು.

ನಾನು ಕಬ್ಬಿಣ. ನನ್ನೊಳಗೆ ಏನು ಹೋಗಿತ್ತೆಂದು ಒಬ್ಬ ಮೆಕ್ಯಾನಿಕ್ಕು ಎರಡು ಬೆರಳಲ್ಲಿ ತಿಳಿದ. ಸವೆದದ್ದನ್ನು ತೆಗೆದು ಹೊಸದನ್ನು ಹಾಕಿದ. ಪಕ್ಕದಲ್ಲಿ ಕೂತವನೊಳಗೆ ಏನು ಹೋಗಿದೆಯೆಂದು ಹತ್ತೊಂಬತ್ತು ವರ್ಷ ಯಾವ ಡಾಕ್ಟರೂ ಕೇಳಿರಲಿಲ್ಲ. ಕೇಳಿದ್ದರೂ ಅವನ ಅಳತೆಯ ಎದೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಯಂತ್ರ ಕೆಟ್ಟರೆ ಮಿಲ್ಲು ನಿಲ್ಲುತ್ತದೆ, ಮನುಷ್ಯ ಕೆಟ್ಟರೆ ಬೆಳಗಾಗುವುದರೊಳಗೆ ಗೇಟಿನಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಫಿಲ್ಟರು ಯಾರಿಗೆ ಹಾಕಬೇಕೆಂದು ಮಾಲೀಕನಿಗೆ ಚೆನ್ನಾಗಿ ಗೊತ್ತಿತ್ತು.

ಹನ್ನೊಂದನೆಯ ದಿನ ಮೂರನೇ ಕಿಕ್ಕಿಗೆ ನಾನು ಎದ್ದೆ. ದಾವಲಸಾಬ ನನಗೆ ಹೊಸ ಸ್ಪಂಜು ಹಾಕಿದ, ಇನ್ನೊಂದನ್ನು ಕತ್ತರಿಸಿ ಹುಲಿಗೆಪ್ಪನ ಕೈಗಿಟ್ಟ.

"ಹೊಸ ಇಂಜಿನ್ನು. ಮೊದಲ ಐನೂರು ಕಿಲೋಮೀಟರ್ ನಲವತ್ತರ ಮ್ಯಾಲೆ ಹೋಗಬ್ಯಾಡ. ಜಗ್ಗಿ ಎಳಿಬ್ಯಾಡ."

"ನನಗೂ ಡಾಕ್ಟರು ಅದನ್ನ ಹೇಳ್ಯಾರ," ಎಂದು ಹುಲಿಗೆಪ್ಪ ನಕ್ಕ. ನಗು ಕೆಮ್ಮಾಗಿ ತಿರುಗಿತು.

ಅವನಿಗೆ ಬಸ್ಸು ಹತ್ತಿಳಿಯುವ ಧೈರ್ಯವೂ ಸಾಲಲಿಲ್ಲ. ಸೀದಾ ಜಿಲ್ಲಾ ಆಸ್ಪತ್ರೆಗೇ ನನ್ನನ್ನು ಓಡಿಸಿದ. ನಿಂತು ನಿಂತು ಹೋದೆವು. ಒಳಗೆ ನಡೆದದ್ದು ನನಗೆ ತಿಳಿದದ್ದು ಗಂಡ ಹೆಂಡತಿ ಹೊರಗೆ ಬಂದು ನನ್ನ ಪಕ್ಕ ಕೂತು ಮಾತಾಡಿದಾಗ. ಡಾಕ್ಟರಮ್ಮ ಎಕ್ಸರೇಯನ್ನು ಕಿಟಕಿಗೆ ಹಿಡಿದು ನೋಡಿ, ಕಲ್ಲಿನ ಕೆಲಸವೇ ಎಂದು ತಾನಾಗಿ ಕೇಳಿದಳಂತೆ. ಆದರೆ ಬರೆದುಕೊಡಲು ಮಿಲ್ಲಿನಲ್ಲಿ ದುಡಿದ ದಾಖಲೆ ಬೇಕು ಎಂದಳಂತೆ. ಮಾರನೆಯ ದಿನ ಮಿಲ್ಲಿಗೆ ಹೋದೆವು. ನಿನ್ನ ಹೆಸರು ನಮ್ಮ ಹಾಜರಿ ಪುಸ್ತಕದಲ್ಲೇ ಇಲ್ಲವಲ್ಲ ಎಂದ ಚಿದಾನಂದ. ಹುಲಿಗೆಪ್ಪ ಪುಸ್ತಕ ತೋರಿಸಿರೆಂದ. ಚಿದಾನಂದ ಗೇಟು ತೋರಿಸಿದ. ಮತ್ತೆ ಆಸ್ಪತ್ರೆ, ಮತ್ತೆ ಮಿಲ್ಲು. ಮೂರನೆಯ ಸಲ ಹೊರಡುವಾಗ ಅವನಿಗೆ ಕ್ಲಚ್ಚು ಹಿಡಿಯಲು ಆಗಲಿಲ್ಲ. ನನ್ನ ಟ್ಯಾಂಕಿನ ಮೇಲೆ ಎರಡೂ ಕೈಯೂರಿ ನಿಂತ. ಹಾಗೇ ಕುಸಿದ. ಆ ವಾರವೇ ಹೋದ. ಐನೂರು ಕಿಲೋಮೀಟರು ಮುಗಿದಿರಲಿಲ್ಲ.

ಈಗ ನಾನು ಯಂಕವ್ವನ ಶೆಡ್ಡಿನ ಗೋಡೆಗೆ ಒರಗಿದ್ದೇನೆ. ಅವಳಿಗೆ ಗಾಡಿ ಬಾರದು. ಮುಪ್ಪಿನ ಮೈಯೊಳಗೆ ಹೊಸ ಇಂಜಿನ್ನು ಹೊತ್ತು ನಿಲ್ಲುವುದೆಂದರೆ ಏನೆಂದು ಯಾರಿಗೆ ಹೇಳಲಿ. ಯಾವುದಕ್ಕೆಂದು ನನ್ನನ್ನು ಬದುಕಿಸಿದರೋ ಅದನ್ನು ನಾನು ಅವನಿಗೆ ಮುಟ್ಟಿಸಲಿಲ್ಲ. ರಸ್ತೆ ಇತ್ತು, ಆಸ್ಪತ್ರೆ ಇತ್ತು, ಎಕ್ಸರೇ ಇತ್ತು. ಒಂದು ಸಾಲು ಬರೆಯುವ ಪೆನ್ನು ಮಾತ್ರ ಇರಲಿಲ್ಲ. ಹೀಗೆ ಬದುಕಿ ಉಳಿದದ್ದಕ್ಕೆ ನನಗೆ ಹೆಮ್ಮೆಯಿಲ್ಲ.

ನಿನ್ನೆ ಬೆಳಿಗ್ಗೆ ದಾವಲಸಾಬ ನನಗೆ ಒಂದೆರಡು ಕಿಕ್ ಹೊಡೆದು ನೋಡಲು ಬಂದಿದ್ದ. ಅದೇ ಹೊತ್ತಿಗೆ ಚಿದಾನಂದ ಬಂದ. ಕೂರಲು ಏನೂ ಇರಲಿಲ್ಲ. ನನ್ನ ಸೀಟನ್ನೇ ಮೇಜು ಮಾಡಿಕೊಂಡು ಒಂದು ಕಾಗದ ಹರಡಿದ, ಮಸಿಯ ಡಬ್ಬಿ ತೆರೆದಿಟ್ಟ.

"ಒಂದು ಹೆಬ್ಬಟ್ಟು ಒತ್ತವಾ ಯಂಕವ್ವ. ಸೋಮವಾರದಿಂದ ಕೆಲಸಕ್ಕ ಬಾ."

"ಓದಣ್ಣಾ," ಎಂದಳು ಯಂಕವ್ವ, ದಾವಲಸಾಬನಿಗೆ.

ಅವನು ಓದಿದ. "ನನ್ನ ಗಂಡ ಹುಲಿಗೆಪ್ಪ ಸದರಿ ಮಿಲ್ಲಿನಲ್ಲಿ ಎಂದೂ ಕೆಲಸ ಮಾಡಿರುವುದಿಲ್ಲ. ಬೀಡಿ ಸೇದುವ ಚಟದಿಂದ ಟೀಬಿಯಾಗಿ ಮೃತನಾಗಿರುತ್ತಾನೆ. ನನ್ನದು ಯಾವ ತಕರಾರೂ ಇರುವುದಿಲ್ಲ."

"ಅಂವ ಬೀಡಿ ಸೇದೂದು ಯಾವಾಗ ನೋಡೀರಿ ಸಾಹೇಬ್ರ?"

"ಕಾಗದ ಬರಿಯೂದು ಹಂಗ ಇರತೈತಿ. ನೀ ಒತ್ತು. ಒತ್ತಲಿಲ್ಲಂದ್ರ ಚೀಲ ತುಂಬಾಕ ನಾಳಿಗಿ ಮತ್ತೊಬ್ಬಾಕಿ ಬರ್ತಾಳ."

ಯಂಕವ್ವ ತನ್ನ ಹೆಬ್ಬೆಟ್ಟನ್ನು ತಿರುಗಿಸಿ ನೋಡಿಕೊಂಡಳು.

"ರೇಷನ್ ಅಂಗಡಿ ಮಿಷಿನ್ನು ಈ ಹೆಬ್ಬಟ್ಟು ತಗೋವಲ್ದ್ರಿ. ಗೆರಿ ಎಲ್ಲಾ ಸವದಾವ ಅಂತ ಎರಡು ತಿಂಗಳಾತು ಹೊಳ್ಳಿ ಕಳಸಾಕತ್ತಾರ. ನಿಮ್ಮ ಹಿಟ್ಟು ಬಳದು ಬಳದು ಸವದಾವ. ನಿಮ್ಮ ಕಾಗದ ಹೆಂಗ ತಗೋತೈತ್ರಿ?"

"ನಮಗ ಗೆರಿ ಬ್ಯಾಡ. ಮಸಿ ಬಿದ್ರ ಸಾಕು."

ಹೇಳುತ್ತಲೇ ಅವಳ ಮಣಿಕಟ್ಟು ಹಿಡಿದು ಹೆಬ್ಬೆಟ್ಟನ್ನು ಡಬ್ಬಿಗೆ ಒತ್ತಿದ. ದಾವಲಸಾಬ ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತ. ಯಂಕವ್ವ ಅವನಿಗೆ ಬೇಡವೆಂದು ಕಣ್ಣಲ್ಲೇ ಹೇಳಿದಳು. ನೀಲಿಯಾದ ಹೆಬ್ಬೆಟ್ಟು ಕಾಗದದ ಮೇಲೆ, ನನ್ನ ಸೀಟಿನ ಮೇಲೆ, ಒಂದು ಗೇಣು ಎತ್ತರದಲ್ಲಿತ್ತು. ಅವಳು ಅದನ್ನು ಒಳಗೆ ಮಡಚಿ, ನಾಲ್ಕು ಬೆರಳಿನಿಂದ ಮುಚ್ಚಿ, ಮುಷ್ಟಿ ಬಿಗಿದಳು.

"ಮುಷ್ಟಿ ಬಿಡು," ಎಂದ ಚಿದಾನಂದ.

"ಬಿಡಂಗಿಲ್ರಿ," ಎಂದಳು ಯಂಕವ್ವ.